ಹಂಚಿನ ಮೇಲೆ ಹುರಿದ ಕೆಂಪು

ಬ್ಯಾಡಗಿಯಲ್ಲಿ ಕೆಂಪು ಬಣ್ಣಕ್ಕಾಗಿ ಮಣ್ಣು ಹುಡುಕಿದವಳು ನಾನೊಬ್ಬಳೇ ಇರಬೇಕು. ಊರ ತುಂಬ ಮೆಣಸಿನಕಾಯಿ. ಎಂಬತ್ತರ ದಶಕದ ಕೊನೆಯಲ್ಲಿ, ಹತ್ತನೇ ತರಗತಿಯಲ್ಲಿದ್ದಾಗ, ನಾನೂ ಮೊದಲು ಅದನ್ನೇ ನುಣ್ಣಗೆ ಕುಟ್ಟಿ, ಜಾಲಿ ಅಂಟಿನಲ್ಲಿ ಕಲಸಿ, ಕೆಂಪು ಸೀರೆಯುಟ್ಟ ಹೆಂಗಸಿನ ಚಿತ್ರ ಬರೆದೆ. ಶಾಲೆಯ ಪಡಸಾಲೆಯಲ್ಲಿ ತೂಗುಹಾಕಿದ ಹತ್ತೊಂಬತ್ತನೆಯ ದಿನಕ್ಕೆ ಸೀರೆ ಬಿಳಿಚಿಕೊಂಡಿತು. "ಪಾಪ, ಆಕಿ ಗಂಡಗ ಏನಾತು?" ಎಂದು ಗೆಳತಿಯರು ಕೇಳತೊಡಗಿದರು. ಚಿತ್ರಕಲಾ ಮಾಸ್ತರು ನಗಲಿಲ್ಲ. ರಾಣೆಬೆನ್ನೂರಿನಲ್ಲಿ ನಡೆಯಲಿದ್ದ ಚಿತ್ರ ಪ್ರದರ್ಶನಕ್ಕೆ ಇನ್ನು ಅಂಗಡಿಯ ಡಬ್ಬಿ ಬಣ್ಣದ ಚಿತ್ರಗಳನ್ನು ಮಾತ್ರ ಕಳಿಸುವುದಾಗಿ ಹೇಳಿಬಿಟ್ಟರು.

ಆ ಪ್ರದರ್ಶನಕ್ಕೆ ನನ್ನ ಬಣ್ಣದಲ್ಲೇ ಹೋಗುತ್ತೇನೆಂದು ಅಂದೇ ದಿನಚರಿಯಲ್ಲಿ ಬರೆದೆ.

ಹಲಗೇರಿಯಲ್ಲಿ ಬಾವಿ ತೋಡುತ್ತಿದ್ದ ಕಡೆಯಿಂದ ಮೂರು ಕೈಚೀಲ ಹಳದಿ ಮಣ್ಣು ತಂದೆ. ನೀರಲ್ಲಿ ಕದಡಿ, ಮರಳು ತಳಕ್ಕೆ ಕೂತ ಮೇಲೆ ಮೇಲಿನ ರಾಡಿ ನೀರನ್ನು ಬೇರೆ ಪಾತ್ರೆಗೆ ಬಸಿದೆ. ಹೀಗೆ ನಾಲ್ಕು ಸಲ. ಕೊನೆಗೆ ಉಳಿದ ನುಣುಪು ಕೆಸರನ್ನು ಒಣಗಿಸಿ ರೊಟ್ಟಿ ಹಂಚಿನ ಮೇಲೆ ಹುರಿದೆ. ಹಳದಿ ಮಣ್ಣು ಬಿಸಿಗೆ ಕೆಂಪಾಗುತ್ತದೆ. ಹನ್ನೊಂದು ನಿಮಿಷಕ್ಕೆ ಇಟ್ಟಿಗೆಯ ಬಣ್ಣ, ಇಪ್ಪತ್ತಕ್ಕೆ ಒಣಗಿದ ದಾಸವಾಳದ್ದು.

ಅವ್ವ ಒಳಗೆ ಬಂದಳು. "ರೊಟ್ಟಿ ಸುಡೂ ಹಂಚಿನ್ಯಾಗ ಮಣ್ಣ ಹುರದೀಯಲ್ಲ, ನಾಳೆ ನಿಮ್ಮಪ್ಪಗ ಏನ ಬಡಸ್ಲಿ?" ಎಂದಳು. ಆಮೇಲೆ ಅಟ್ಟದಿಂದ ಒಡಕು ಹಂಚೊಂದನ್ನು ಇಳಿಸಿ ಕೊಟ್ಟು, ಇನ್ನೊಮ್ಮೆ ಒಳ್ಳೆಯದನ್ನು ಮುಟ್ಟಿದರೆ ಕೈ ಮುರಿಯುತ್ತೇನೆಂದಳು.

ಒಂದು ರಟ್ಟಿನ ಮೇಲೆ ಮೂರು ಪಟ್ಟಿ ಬಳಿದೆ: ಮೆಣಸಿನಕಾಯಿ, ಡಬ್ಬಿಯ ಕೆಂಪು, ನನ್ನ ಮಣ್ಣು. ಪ್ರತಿ ಪಟ್ಟಿಯ ಅರ್ಧ ಭಾಗಕ್ಕೆ ನನ್ನ ಹಳೆಯ ಬರೆಯುವ ಪಾಟಿ ಮುಚ್ಚಿ ಮಾಳಿಗೆಯ ಬಿಸಿಲಿಗಿಟ್ಟೆ. ಮೆಣಸಿನಕಾಯಿ ಹದಿನಾರು ದಿನಕ್ಕೆ ಮುಗಿಯಿತು. ಡಬ್ಬಿಯದು ಮೂವತ್ತಕ್ಕೆ ಗುಲಾಬಿಯಾಯಿತು. ನಲವತ್ತನೆಯ ದಿನ ಪಾಟಿ ಎತ್ತಿದಾಗ ನನ್ನ ಪಟ್ಟಿಯಲ್ಲಿ ನೆರಳು ಯಾವುದು, ಬಿಸಿಲು ಯಾವುದು ಗೊತ್ತಾಗಲಿಲ್ಲ. ಆದರೆ ಒಂದು ಮೂಲೆ ಪುಡಿಪುಡಿಯಾಗಿ ಉದುರಿತ್ತು. ಅದನ್ನೂ ಬರೆದಿಟ್ಟೆ. ಅಂಟು ಸಾಲದೆಂದು ಒಂದು ಚಮಚೆಯಿಂದ ಒಂದೂವರೆಗೆ ಏರಿಸಿ ಹೊಸ ಚಿತ್ರ ಬರೆದೆ.

ಮಾಸ್ತರು ರಟ್ಟನ್ನು ಬಹಳ ಹೊತ್ತು ನೋಡಿ, ಚಿತ್ರ ಕಳಿಸೋಣವೆಂದರು. ಅರ್ಜಿಯಲ್ಲಿ ಯಾವ ಬಣ್ಣವೆಂದು ಬರೆಯುವ ಜಾಗಕ್ಕೆ ಬೆರಳಿಟ್ಟರು.

"ಇಲ್ಲಿ ಬರೇ ಜಲವರ್ಣ ಅಂತ ಬರಿ. ಮಣ್ಣು ಅಂದ್ರ ನನ್ನ ನೋಡಿ ನಗ್ತಾರ. ಹಿಂಗ ಬರದ್ರ ಯಾರಿಗೂ ತಿಳ್ಯಾಂಗಿಲ್ಲ."

"ತಿಳೀಬೇಕ್ರಿ ಸರ್."

"ಹಂಗಾದ್ರ ನನ್ನ ಸಹಿ ಇಲ್ಲ ನೋಡು."

"ಹಲಗೇರಿ ಮಣ್ಣು, ಜಾಲಿ ಅಂಟು, ಇಪ್ಪತ್ತು ನಿಮಿಷ ಹುರಿದದ್ದು" ಎಂದು ಅವರೆದುರೇ ಬರೆದೆ. ಶನಿವಾರ ಒಬ್ಬಳೇ ಬಸ್ಸು ಹತ್ತಿ ರಾಣೆಬೆನ್ನೂರಿಗೆ ಹೋದೆ. ಚಿತ್ರಗಳನ್ನು ತೆಗೆದುಕೊಳ್ಳುತ್ತಿದ್ದವರು ಮಾಸ್ತರ ಸಹಿ ಎಲ್ಲಿ ಎಂದು ಕೇಳಿದರು. ಯಾಕೆ ಇಲ್ಲವೆಂಬುದನ್ನು ಹೇಳಿದೆ. ಅವರು ಅರ್ಜಿ ಓದಿ ನಿಜವಾಗಿಯೂ ನಕ್ಕರು, ಪಕ್ಕದವರಿಗೂ ತೋರಿಸಿದರು. ನಗು ಮುಗಿಯುವವರೆಗೆ ನಿಂತೇ ಇದ್ದೆ.

"ತಗೋರಿ. ತಗೊಳ್ಳೂದಿಲ್ಲ ಅಂದ್ರ ಯಾಕ ಅಂತ ಬರದ ಕೊಡ್ರಿ."

ಅವರು ಪೆನ್ನು ತೆರೆದರು. ನನ್ನನ್ನೊಮ್ಮೆ, ಚಿತ್ರವನ್ನೊಮ್ಮೆ ನೋಡಿದರು. ಬರೆಯಲು ಕಾರಣ ಸಿಗಲಿಲ್ಲವೇನೋ, ಅರ್ಜಿಯ ಮೂಲೆಯಲ್ಲಿ ಕ್ರಮಸಂಖ್ಯೆ ಮೂವತ್ತನಾಲ್ಕು ಎಂದು ಹಾಕಿ ಚಿತ್ರವನ್ನು ಉಳಿದವುಗಳ ಮೇಲಿಟ್ಟರು. ಸಂಖ್ಯೆಯನ್ನು ಅಲ್ಲೇ ನಿಂತು ದಿನಚರಿಯಲ್ಲಿ ಬರೆದುಕೊಂಡೆ.