ಹಾಳೆಯಲ್ಲಿಲ್ಲದ ಹೆಜ್ಜೆ

ಆಸ್ಪತ್ರೆಯ ನೆಲಮಾಳಿಗೆಯ ಸರ್ವರ್ ಕೋಣೆಯನ್ನು 1992ರ ಆಗಸ್ಟ್ 3ರಿಂದ ನೋಡಿಕೊಂಡು ಬಂದವರನ್ನು ಎಲ್ಲರೂ ‘ಸಹಿ ಸಾಹೇಬರು’ ಎಂದೇ ಕರೆಯುತ್ತಿದ್ದರು. ಒಂದು ತಿರುಪು ಬಿಗಿ ಮಾಡಿದರೂ ತಾರೀಖು, ಗಂಟೆ, ಸಹಿ ಸಮೇತ ದಿನಚರಿ ಪುಸ್ತಕದಲ್ಲಿ ಬರೆಯಬೇಕು. ದಿನದ ಕೊನೆಗೆ ಉಳಿದ ಖಾಲಿ ಜಾಗಕ್ಕೆ ಅಡ್ಡಗೆರೆ ಎಳೆಯಬೇಕು. “ಪುಸ್ತಕದಲ್ಲಿ ಇಲ್ಲ ಅಂದ್ರೆ ನಡೆದೇ ಇಲ್ಲ” ಎಂಬುದು ಅವರು ಕೈಕೆಳಗಿನವರಿಗೆಲ್ಲ ಅರೆದು ಕುಡಿಸಿದ ಪಾಠ. ನಿವೃತ್ತಿ 2022ರ ಸೆಪ್ಟೆಂಬರ್ 30ಕ್ಕೆ. ಅಲ್ಲಿಯವರೆಗೆ ಅದೇ ಕುರ್ಚಿಯಲ್ಲಿ ಕುಳಿತು, ಅದೇ ಬಾಗಿಲಿನಿಂದ ತಲೆಯೆತ್ತಿ ಹೊರಬೀಳಬೇಕೆಂಬುದೊಂದೇ ಅವರ ಆಸೆ.

ಆ ವರ್ಷದ ಫೆಬ್ರವರಿ 21ರಂದು ವಿಭಾಗದ ಮುಖ್ಯಸ್ಥನಾಗಿ ಬಂದವನು ಅವರ ಅಕ್ಕನ ಮಗ. ಅವನಿಗೆ ಈ ಕಸುಬು ಕಲಿಸಿದವರೂ ಅವರೇ. ಬಂದವನೇ, ಸರ್ವರುಗಳಿಗೆ ಹೆಸರಿನ ಬದಲು ಸಂಖ್ಯೆ ಇರಬೇಕೆಂದು ಆದೇಶ ಹೊರಡಿಸಿದ. ಮೊದಲ ಸರದಿ, ರಕ್ತಪರೀಕ್ಷೆಯ ವರದಿಗಳನ್ನು ವಾರ್ಡುಗಳಿಗೆ ಕಳಿಸುವ ‘ದೀಪ’ ಎಂಬ ಸರ್ವರಿನದು.

ಮಾರ್ಚ್ 13, ಭಾನುವಾರ ಮಧ್ಯಾಹ್ನ ಎರಡಕ್ಕೆ ಅವನು ಒಂದು ಹಾಳೆಯನ್ನು ಮುಂದಿಟ್ಟ. ಮೂರೇ ಹೆಜ್ಜೆ: ಹಳೆಯ ಹೆಸರನ್ನು ನೋಡುವುದು, ಕಮಾಂಡ್ ಟೈಪು ಮಾಡಿ ಹೊಸದನ್ನು ಕೊಡುವುದು, ಯಂತ್ರವನ್ನು ಆರಿಸಿ ಮತ್ತೆ ಚಾಲೂ ಮಾಡುವುದು.

“ಒಂದು ಬಿಟ್ಟಿದೀಯಲ್ಲೋ,” ಎಂದರು ಸಾಹೇಬರು. “ಯಾವ ಹೆಸರಿಗೆ ಯಾವ ವಿಳಾಸ ಅಂತ ಬರೆದಿಟ್ಟಿರೋ ಹೋಸ್ಟ್ಸ್ ಫೈಲಲ್ಲಿ ಹಳೇ ಹೆಸರು ಹಾಗೇ ಕೂತಿರುತ್ತೆ. ಅದನ್ನ ತಿದ್ದದಿದ್ರೆ, ಎದ್ದ ಮೇಲೆ ಇದಕ್ಕೆ ತನ್ನ ವಿಳಾಸ ತನಗೇ ಸಿಗಲ್ಲ. ವರದಿ ಪ್ರೋಗ್ರಾಂ ಮೇಲೇಳಲ್ಲ.”

“ಅದೆಲ್ಲ ನಿಮ್ಮ ಕಾಲದ ಕಥೆ, ಮಾವ. ಹಾಳೇಲಿ ಇರೋದಷ್ಟೇ ಮಾಡಿ. ಒಂದಕ್ಷರ ಜಾಸ್ತಿ ಬೇಡ.”

ಭಾನುವಾರದ ಅರ್ಧ ದಿನ ಮುಗಿಸಿ, ಲ್ಯಾಬಿಗೆ ಬೀಗ ಹಾಕಿ ಹೊರಟಿದ್ದ ಲ್ಯಾಬಿನ ಮೇಡಂ ಬಾಗಿಲಲ್ಲೇ ನಕ್ಕರು. “ಏನ್ ಸಾಹೇಬ್ರೇ, ಮನೇಲಿ ಮಾವ, ಇಲ್ಲಿ ಶಿಷ್ಯನಾ?”

ಸಾಹೇಬರ ಕಿವಿ ಕೆಂಪಾಯಿತು. 2 ಗಂಟೆ 10 ನಿಮಿಷಕ್ಕೆ ಕಮಾಂಡ್ ಹೊಡೆದರು. ಯಂತ್ರ ಮಲಗಿ ಎದ್ದಿತು. ಪರದೆಯ ಮೇಲೆ ‘ಲ್ಯಾಬ್-03’ ಎಂದು ಮೂಡಿತು. “ನೋಡಿದ್ರಾ?” ಎಂದವನು ವರದಿ ಹೋಗುತ್ತದೆಯೇ ಎಂದು ಪರೀಕ್ಷಿಸುವ ಗೋಜಿಗೂ ಹೋಗದೆ ಮೆಟ್ಟಿಲೇರಿದ.

ಪುಸ್ತಕದಲ್ಲಿ ಸಾಹೇಬರು ‘ಹಾಳೆಯಂತೆ ಮಾಡಲಾಗಿದೆ’ ಎಂದು ಬರೆದರು. ತಮ್ಮ ಆಕ್ಷೇಪವನ್ನೂ ಬರೆಯಲು ಹೊರಟ ಪೆನ್ನು ನಿಂತಿತು. ಹುಡುಗ ಕೆಲಸಕ್ಕೆ ಸೇರಿ ಮೂರು ವಾರವಾಗಿಲ್ಲ. ಅಕ್ಕನ ಮಗನ ಅಜ್ಞಾನಕ್ಕೆ ತಾವೇ ಲಿಖಿತ ಸಾಕ್ಷಿ ಒದಗಿಸುವುದೇ? ಅರ್ಧ ಮಮತೆ, ಅರ್ಧ ಮುನಿಸು. ಅಡ್ಡಗೆರೆ ಎಳೆದು ಮನೆಗೆ ಹೋದರು.

ಸೋಮವಾರ ಅವರಿಗೆ ರಜೆ. ಬೆಳಿಗ್ಗೆ ಆರರಿಂದ ಒಂದು ವರದಿಯೂ ವಾರ್ಡಿಗೆ ತಲುಪಲಿಲ್ಲ. ಎರಡು ಶಸ್ತ್ರಚಿಕಿತ್ಸೆಗಳು ಮುಂದಕ್ಕೆ ಹೋದವು. ಹನ್ನೊಂದರವರೆಗೆ ತಾನೇ ತಡಕಾಡಿ, ಅಕ್ಕನ ಮಗ ಫೋನು ಮಾಡಿದ. ಸಾಹೇಬರು ಬಂದು, ಆ ಫೈಲಿನ ಒಂದು ಸಾಲು ತಿದ್ದಿ, ಎರಡು ನಿಮಿಷದಲ್ಲಿ ಎಲ್ಲ ಸರಿಮಾಡಿದರು. ಅದೇ ಮುಳುವಾಯಿತು.

ಬುಧವಾರ, 16ರಂದು, ವಿಚಾರಣೆ. “ಎರಡೇ ನಿಮಿಷದ ಕೆಲಸ. ಗೊತ್ತಿದ್ದೂ ಭಾನುವಾರ ಯಾಕ್ರೀ ಮಾಡ್ಲಿಲ್ಲ?” ಎಂದು ಆಸ್ಪತ್ರೆಯ ಅಧೀಕ್ಷಕರು ಕೇಳಿದರು.

“ಹೇಳಿದ್ದೆ ಸರ್. ಬೇಡ ಅಂದ್ರು.”

ಅಧೀಕ್ಷಕರು ಅಕ್ಕನ ಮಗನತ್ತ ತಿರುಗಿದರು. ಅವನು ಪುಸ್ತಕವನ್ನು ಅವರ ಮುಂದೆ ಸರಿಸಿದ, ತಲೆಯೆತ್ತಲಿಲ್ಲ. “ಪುಸ್ತಕದಲ್ಲಿ ಇಲ್ಲ ಅಂದ್ರೆ ನಡೆದೇ ಇಲ್ಲ ಸರ್. ಇದು ಅವರೇ ನಮಗೆ ಕಲಿಸಿದ್ದು.”

ಸಾಹೇಬರು ಪುಟವನ್ನು ನೋಡಿದರು. ಸಹಿ ತಮ್ಮದೇ, ಅಡ್ಡಗೆರೆಯೂ ತಮ್ಮದೇ. ಒಂದು ಪದ ತೂರಿಸಲೂ ಜಾಗವಿರಲಿಲ್ಲ.

ಮಾರ್ಚ್ 18, ಶುಕ್ರವಾರ, ಸಾಹೇಬರಿಗೆ ಹಳೆಯ ಕಡತಗಳ ಕೋಣೆಗೆ ವರ್ಗವಾಯಿತು. ಬೀಗದ ಕೈ ಒಪ್ಪಿಸಲು ಹೋದಾಗ ಸರ್ವರ್ ಕೋಣೆಯ ಗೋಡೆಯ ಮೇಲೆ ಹೊಸ ಹಾಳೆ ಇತ್ತು. ಈಗ ನಾಲ್ಕು ಹೆಜ್ಜೆ. ಕೆಳಗೆ ಅಕ್ಕನ ಮಗನ ಸಹಿ.

“ಮಾವ,” ಎಂದನು ಅವನು, ದನಿ ತಗ್ಗಿಸಿ. “ಭಾನುವಾರ ಊಟಕ್ಕೆ ಬರಬೇಕಂತೆ. ಅಮ್ಮ ಹೇಳಿದಾರೆ.”

ಸಾಹೇಬರು ಬೀಗದ ಕೈಯನ್ನು ಮೇಜಿನ ಮೇಲಿಟ್ಟರು.

“ಬರೆದು ಕೊಡಪ್ಪ,” ಎಂದರು.