ಹೆಳವನ ಬಾಯಲ್ಲಿದ್ದ ಊರು

ನಮ್ಮೂರಿನ ಇತಿಹಾಸ ಬೇಕೆಂದರೆ ಯಾವ ಕಚೇರಿಗೂ ಅಲೆಯಬೇಕಿರಲಿಲ್ಲ. ಹೆಳವ ಬರುವ ತನಕ ಕಾದರೆ ಸಾಕಿತ್ತು. ಮನೆಮನೆಯ ವಂಶಾವಳಿ ಹಾಡಿ ಹೇಳುವುದೇ ಅವರ ಮನೆತನದ ಕಸುಬು. ಯಾರ ಮುತ್ತಜ್ಜ ಯಾವ ಸೀಮೆಯಿಂದ ಎತ್ತು ಹೊಡೆದುಕೊಂಡು ಬಂದ, ಪ್ಲೇಗಿನಲ್ಲಿ ಯಾವ ಓಣಿ ಬರಿದಾಯಿತು, ಹತ್ತಿಯ ಪೇಟೆ ಬೆಳೆದಾಗ ಯಾರು ಬಂದು ನೆಲೆಸಿದರು, ಎಲ್ಲವೂ ಅವನ ನಾಲಗೆಯ ಮೇಲೆ. ನಾನು ಸಣ್ಣವಳಿದ್ದಾಗ ಹೆಳವ ಎತ್ತಿನ ಮೇಲೆ ಬಂದು ತಿಂಗಳುಗಟ್ಟಲೆ ಊರಲ್ಲೇ ಬಿಡಾರ ಹೂಡುತ್ತಿದ್ದ. ಅಷ್ಟು ಮನೆ, ಅಷ್ಟು ಜನ.

ಈಗ ಬರುವುದು ಅವನ ಮಗ, ಬೈಕಿನ ಮೇಲೆ. ಅವನಿಗೂ ಗಡ್ಡ ನರೆತಿದೆ. ಮಧ್ಯಾಹ್ನದೊಳಗೆ ಊರು ಮುಗಿದುಹೋಗುತ್ತದೆ. ಹತ್ತಿ ವ್ಯಾಪಾರ ಹುಬ್ಬಳ್ಳಿಗೆ ಹೋಯಿತು, ಅದರ ಹಿಂದೆ ಅಡತಿಯ ದಲ್ಲಾಳಿಗಳು ಹೋದರು, ಉಳಿದವರು ಮಕ್ಕಳ ಶಾಲೆಯ ನೆಪ ಹೇಳಿ ಧಾರವಾಡ ಸೇರಿದರು. ನಾವೂ ಅದೇ ಪೈಕಿ. ಅಪ್ಪ ತೀರಿದ ಮೇಲೆ ಅವ್ವನನ್ನು ಅಲ್ಲಿನ ಸಪ್ತಾಪುರದ ನನ್ನ ಮನೆಗೆ ಕರೆತಂದೆ. ಊರು ಹಾಳಾಯಿತೆಂದು ಗೊಣಗುವವರಲ್ಲಿ ನಾನೇ ಮುಂದು. ಹೋಗಿ ಇರು ಎಂದರೆ ಮಾತ್ರ ಒಲ್ಲೆ.

ಹೋದ ತಿಂಗಳು ಹೆಳವ ಬರುತ್ತಾನೆಂಬ ಸುದ್ದಿ ಬಂದದ್ದೇ ತಡ, ಅವ್ವ ಹಟ ಹಿಡಿದಳು. ಬೀಗ ಹಾಕಿದ ಮನೆಯ ಮುಂದೆ ಹೆಳವ ವಂಶ ಹೇಳುವುದಿಲ್ಲ, ಅದು ಅವರ ಪದ್ಧತಿ. ಹೀಗಾಗಿ ಮೊದಲ ಬಸ್ಸಿಗೇ ಹೋಗಿ, ಕಸ ಹೊಡೆದು, ಅಂಗಳಕ್ಕೆ ನೀರು ಹಾಕಿ, ಒಲೆ ಹೊತ್ತಿಸಿ, ದಿನಾ ಇಲ್ಲೇ ಇರುವವರ ಹಾಗೆ ಕುಳಿತೆವು.

"ಯಾರ ಕಣ್ಣಿಗೆ ಮಣ್ಣೆರಚಾಕ ಬೇ ಇದೆಲ್ಲಾ?" ಎಂದು ಸಿಡುಕಿದೆ.

"ಸುಮ್ಮ ಕುಂಡ್ರ. ನನ್ನ ಮೊಮ್ಮಗಳ ಹೆಸರು ಕೂಡಸಬೇಕು," ಎಂದಳು ಅವ್ವ.

ಮೊಮ್ಮಗಳೆಂದರೆ ನನ್ನ ಮಗಳು. ನನ್ನ ತಮ್ಮ ಮದುವೆಗೆ ಮುಂಚೆಯೇ ತೀರಿಹೋದ. ಮುಂದಿನ ಪೀಳಿಗೆ ಅಂತ ನಮಗೆ ಉಳಿದವಳು ಇವಳೊಬ್ಬಳೇ. ಆ ಮಹಾರಾಯ್ತಿ ಕೋಚಿಂಗ್ ಕ್ಲಾಸಿನಲ್ಲಿ ಟೆಸ್ಟ್ ಇದೆಯೆಂದು ಬಂದಿರಲಿಲ್ಲ.

ಹೆಳವ ಬಂದ. ಪಡಸಾಲೆಯಲ್ಲಿ ಕಂಬಳಿ ಹಾಸಿ ಕೂರಿಸಿದೆವು. ಕಣ್ಣು ಮುಚ್ಚಿ ಮೂಲಪುರುಷನಿಂದ ಶುರು ಮಾಡಿದ. ಅಜ್ಜ ಬಂದ, ಅಪ್ಪ ಬಂದ, ತಮ್ಮನ ಹೆಸರು ಬಂತು. ಅಲ್ಲಿಗೆ ನಿಲ್ಲಿಸಿದ.

"ಮುಂದ ಹೇಳ್ರಿ," ಎಂದಳು ಅವ್ವ.

"ಮುಂದ ಏನೂ ಇಲ್ಲರಿ ಅವ್ವಾರ."

"ಯಾಕಿಲ್ಲ? ಮೊಮ್ಮಗಳ ಅದಾಳಲ್ಲ."

"ಹೆಣ್ಣಮಕ್ಕಳ ಸಂತಾನ ಕೊಟ್ಟ ಮನಿಗಿ ಹೋಗ್ತೈತ್ರಿ. ಹಿರಿಯಾರು ಹಾಕಿದ ಪದ್ಧತಿ, ನಾ ಹೆಂಗ ಮುರೀಲಿ?"

ನನಗೆ ಮೈಯೆಲ್ಲ ಉರಿಯಿತು. "ಅಲ್ರೀ, ಮನಿ ಕಸಾ ಹೊಡ್ಯಾಕ ಮಗಳು ಬೇಕು, ಅವ್ವನ್ನ ಸಂಭಾಳಸಾಕ ಮಗಳು ಬೇಕು, ಹೆಸರು ಹೇಳೂವಾಗ ಅಷ್ಟ ಬ್ಯಾಡಾದ್ಲೇನ್ರಿ?"

ಅವ್ವ ಅವನೆದುರು ಕೈ ಮುಗಿದು ಕುಳಿತಳು. ಜನ್ಮದಲ್ಲಿ ಯಾರ ಮುಂದೆಯೂ ಕೈಯೊಡ್ಡದ ಹೆಂಗಸು. ನನಗೆ ನೋಡಲಾಗಲಿಲ್ಲ.

ಹೆಳವ ನನ್ನ ಮಗಳ ಹೆಸರು ಕೇಳಿಕೊಂಡು ಮತ್ತೆ ಮೊದಲಿನಿಂದ ಹಾಡಿದ. ತಮ್ಮನ ನಂತರ ನನ್ನ ಹೆಸರು, ನನ್ನ ನಂತರ ಮಗಳದು. ಅವ್ವನ ಮುಖ ಅರಳಿತು. ಮೊರದ ತುಂಬ ಜೋಳ ತಂದು ಅವನ ಜೋಳಿಗೆಗೆ ಸುರಿದಳು.

"ಇನ್ನ ಚಿಂತಿ ಇಲ್ಲ. ಮುಂದಿನ ಸಲ ಯಾವಾಗ ಬರ್ತೀರಿ? ಆಕೀನ್ನೂ ಕರಸ್ತೇನಿ."

ಅವನು ಜೋಳಿಗೆಯ ಬಾಯಿ ಕಟ್ಟುತ್ತಾ ಹೇಳಿದ: "ಸುಳ್ಳ ಯಾಕ ಹೇಳ್ಲಿ ಅವ್ವಾರ, ಮುಂದಿನ ಸಲ ಇಲ್ಲರಿ. ನನ್ನ ಕೈಲಿ ಆಗವಲ್ದು. ನನ್ನ ಮಗ ಹುಬ್ಬಳ್ಳಿ ಬೆಂಗೇರ್ಯಾಗ ಆಟೋ ಹೊಡೀತಾನ, ಒಂದ ಮನಿತನದ್ದೂ ಕಲತಿಲ್ಲ. ಪದ್ಧತಿ ಯಾಕ ಮುರದಿ ಅಂತ ಕೇಳಾವ್ರು ಇನ್ನ ಯಾರೂ ಉಳದಿಲ್ರಿ. ಅದಕ್ಕ ಆಕೀ ಹೆಸರು ಹೇಳಿದೆ."

ಅವ್ವ ಮೊರ ಕೆಳಗಿಟ್ಟಳು.

"ಹಂಗಾರ ಇನ್ನೊಮ್ಮೆ ಹೇಳ್ರಿ," ಎಂದಳು.

ಅವನು ಮತ್ತೆ ಕುಳಿತು ಹೇಳಿದ. ಕೇಳಲು ನಾವಿಬ್ಬರೇ ಇದ್ದೆವು.