ಕೆಂಪು ನೂಲಿನ ಪಿಸ್ತೂಲು

ಆ ಪಿಸ್ತೂಲಿನ ಬೆಲೆ ಸಂಜೀವಣ್ಣನ ಬಲಗೈಯ ಮೂರು ಬೆರಳು, ಆಮೇಲೆ ಮೊಣಕೈವರೆಗಿನ ಕೈ, ಕೊನೆಗೆ ಸಂಜೀವಣ್ಣ. ನಾನು ಗುಜರಿ ಅಂಗಡಿಯವ; ಇಷ್ಟು ದುಬಾರಿ ಮಾಲು ಬೇರೆ ನೋಡಿಲ್ಲ. ದರ ಇಷ್ಟು ಏರಲು ಕಾರಣ ಒಂದು ಗೇಣು ಕೊಳಕು ನೂಲು.

ಅಂಗೈಯಲ್ಲಿ ಅಡಗುವ, ಹಿತ್ತಾಳೆ ಹಿಡಿಯ ಈಡು ಪಿಸ್ತೂಲು ಅದು. ನಳಿಗೆಯ ಬಾಯಿಂದ ಮದ್ದು, ಗುಂಡು ತುಂಬಿ ಜಡಿಯಬೇಕು. ಒಂದು ಸಲಕ್ಕೆ ಒಂದೇ ಈಡು. ಸಂಜೀವಣ್ಣನ ಅಜ್ಜನಿಗೆ ಬಂದರಿನಲ್ಲಿ ಯಾವನೋ ಹಡಗಿನವ ಕೊಟ್ಟದ್ದಂತೆ. ಲೈಸೆನ್ಸ್ ಕೈಯಿಂದ ಕೈಗೆ ಇಳಿದು ಬಂದಿತ್ತು. ಚುನಾವಣೆಗೆ ಮುಂಚೆ ಠಾಣೆಗೆ ಒಪ್ಪಿಸಿ, ಬಿಡುಗಡೆಯಾದ ದಿನವೇ ಹೋಗಿ ತರುತ್ತಿದ್ದರು, ಹೆರಿಗೆ ಆಸ್ಪತ್ರೆಯಿಂದ ಮಗುವನ್ನು ತಂದ ಹಾಗೆ.

ಸಂಜೀವಣ್ಣ ಸಿಟಿ ಬಸ್ಸಿನ ಡ್ರೈವರಾಗಿ ನಿವೃತ್ತರಾದವರು. ಕಾವೂರಿನ ಮನೆಯ ಹಿಂದೆ ಕೆಂಪುಕಲ್ಲು ತೆಗೆದ ಹಳೆಯ ಹೊಂಡದಲ್ಲಿ ಭಾನುವಾರ ಬೆಳಿಗ್ಗೆ ಒಂದು ತೆಂಗಿನ ಗೆರಟೆ ತೂಗುಹಾಕಿ, ಹನ್ನೆರಡು ಹೆಜ್ಜೆ ದೂರದಿಂದ ಒಂದೇ ಈಡು. ತಾಗಿದರೆ ಮಾತಿಲ್ಲ. ತಪ್ಪಿದರೆ, ಗೆರಟೆ ಅಲುಗಿತು ಎನ್ನುತ್ತಿದ್ದರು. ಮನೆಮಾತು ತುಳುವಾದರೂ, ಘಟ್ಟದ ಮೇಲಿನಿಂದ ಬಂದ ನನ್ನೊಡನೆ ಕನ್ನಡದಲ್ಲೇ ಮಾತು. ಒಮ್ಮೆ ಪಿಸ್ತೂಲಿಗೆ ದರ ಕೇಳಿದೆ. "ನಿನ್ನ ಅಜ್ಜನ ಹಲ್ಲು ಉಂಟಾ? ತಾ, ಎಕ್ಸ್‌ಚೇಂಜ್ ಮಾಡುವ" ಎಂದರು.

ನನ್ನ ವ್ಯಾಪಾರದ ವಿದ್ಯೆ ಆ ಹೊಂಡದಲ್ಲಿ ಕಲಿತದ್ದು. "ಗುರಿ ಹಿಡಿದ ಮೇಲೆ ಬಾಯಿ ಬಿಡ್ಬಾರ್ದು ಮಾರಾಯ. ನೀನು ದರ ಹೇಳಿದ ಮೇಲೂ ಮಾತಾಡ್ತೀಯ. ಅದಕ್ಕೇ ನಿನ್ನ ಅಂಗಡಿ ಬೆಳೆಯುದಿಲ್ಲ." ಮರುದಿನದಿಂದ ದರ ಹೇಳಿ ಸುಮ್ಮನಿರುವುದನ್ನು ಕಲಿತೆ. ಅಂಗಡಿ ಬೆಳೆಯಿತು.

ಆ ವರ್ಷ ಆಯುಧಪೂಜೆಗೆ ಮುಂಚಿನ ಭಾನುವಾರ ಈಡು ತುಂಬಿದ್ದೇ ಮಳೆ ಸುರಿದು, ಹೊಡೆಯದೆ ಮನೆಗೆ ಬಂದಿದ್ದರು. ಇದು ನನಗೆ ಗೊತ್ತಿರಲಿಲ್ಲ. ಪೂಜೆಯ ಬೆಳಿಗ್ಗೆ ಅವರ ಮನೆಗೆ ಹೋದಾಗ ಕತ್ತಿ, ಹೆರೆಮಣೆ, ಸ್ಪಾನರುಗಳ ಸಾಲಿನಲ್ಲಿ ಪಿಸ್ತೂಲೂ ಇತ್ತು. ಅವರು ಸ್ನಾನಕ್ಕೆ ಹೋಗಿದ್ದರು. ಹಳೆಯದನ್ನು ಕಂಡರೆ ಉಜ್ಜುವುದು ನನ್ನ ಕೈಯ ಚಾಳಿ. ಹುಣಸೆಹುಳಿ ಹಾಕಿ ಹಿತ್ತಾಳೆ ಹೊಳೆಯಿಸಿದೆ. ಕುದುರೆ ಎನ್ನುವ ಹೊಡೆಯುವ ಕೊಕ್ಕೆಯ ಬಳಿ ಸುತ್ತಿದ್ದ ಜಿಡ್ಡುಹಿಡಿದ ಕೆಂಪು ನೂಲನ್ನು, ಹಳೆಯ ಹರಕೆಯ ನೂಲಿರಬೇಕೆಂದು ಕತ್ತರಿಸಿ ಎಸೆದು, ಅಲ್ಲಿ ಚೆಂಡುಹೂ ಸಿಕ್ಕಿಸಿದೆ. ಮದ್ದಿಗೆ ಕಿಡಿ ಕೊಡುವ ಕ್ಯಾಪು ಬೇರೆ ಡಬ್ಬಿಯಲ್ಲಿದ್ದುದರಿಂದ ನನಗೇನೂ ಆಗಲಿಲ್ಲ.

ಪೂಜೆಯ ನಂತರ ಅವರು ಮೂರು ವಾರ ಜ್ವರದಲ್ಲಿ ಮಲಗಿದರು. ಎದ್ದ ಮೊದಲ ಭಾನುವಾರ, ತುಂಬಿದ್ದರ ಮೇಲೆ ಮತ್ತೊಂದು ಈಡು ತುಂಬಿದರು. ನಳಿಗೆ ಕೈಯಲ್ಲೇ ಸಿಡಿಯಿತು.

ಅತ್ತಾವರದ ಆಸ್ಪತ್ರೆಯಲ್ಲಿ ಮಂಚದ ಪಕ್ಕ ಕುಳಿತೆ. ಅವರೇ ಮಾತು ತೆಗೆದರು.

"ಒಳಗೆ ಈಡು ಇದ್ರೆ ನೂಲು ಕಟ್ಟುದು ನಮ್ಮ ಅಪ್ಪನ ಕ್ರಮ. ಕಣ್ಣಿಗೆ ಪೊರೆ ಬಂದ ಮೇಲೆ ಬೆರಳಲ್ಲಿ ಮುಟ್ಟಿ ನೋಡುದು. ಜ್ವರದಲ್ಲಿ ತುಂಬಿದ್ದು ಮರೆತೇ ಹೋಗಿತ್ತು. ಮುಟ್ಟಿ ನೋಡಿದೆ ಮಾರಾಯ, ನೂಲು ಇರ್ಲಿಲ್ಲ."

"ಕೊಳಕಾಗಿತ್ತು ಸಂಜೀವಣ್ಣ. ಪೂಜೆಗೆ ಅಂತ ನಾನೇ ಕತ್ತರಿಸಿದ್ದು."

ಅವರು ಎಡಗೈಯಲ್ಲಿ ಬ್ಯಾಂಡೇಜು ಸವರಿದರು. "ಚಂದ ಉಜ್ಜಿದ್ದೆ ನೀನು," ಎಂದರು. "ಜಲಜನಿಗೆ ಹೇಳ್ಬೇಡ. ಅವಳು ನಿನಗೆ ಇನ್ನೂ ಚಾ ಕೊಡ್ಬೇಕಲ್ಲ."

ಸಕ್ಕರೆ ಕಾಯಿಲೆಯ ಮೈ, ಗಾಯ ಮಾಯಲಿಲ್ಲ. ಕೈ ತೆಗೆದರೂ ನಂಜು ನಿಲ್ಲಲಿಲ್ಲ, ಅವರು ಉಳಿಯಲಿಲ್ಲ. ಅವರ ಹೆಂಡತಿ ಜಲಜಕ್ಕ ಎರಡು ವರ್ಷ ನನಗೆ ಚಾ ಕೊಟ್ಟರು, ನಾನು ಕುಡಿದೆ. ಕಳೆದ ತಿಂಗಳು ಹೇಳಿಬಿಟ್ಟೆ. ಅವರು ನನ್ನ ಮುಂದಿದ್ದ ಲೋಟವನ್ನು ಒಳಗೆ ಒಯ್ದರು.

ನಿಮಗೆ ಹೇಳುವುದಿಷ್ಟು. ಮನೆಯಲ್ಲಿ ಅಜ್ಜನ ಕಾಲದ ಕೋವಿಯಿದ್ದರೆ, ಖಾಲಿ ಎಂದು ಯಾರು ಹೇಳಿದರೂ ನಂಬಬೇಡಿ. ತಿಳಿದವರಿಂದ ಪರೀಕ್ಷೆ ಮಾಡಿಸಿ. ಇನ್ನೊಬ್ಬರ ಸಾಮಾನು ಉಜ್ಜಲು ಕೂತಾಗ ನೂಲೋ ಚಿಂದಿಯೋ ಕಂಡರೆ, ಬಿಚ್ಚುವ ಮೊದಲು ಕೇಳಿ. ಮನೆಯವರು ಸ್ನಾನಕ್ಕೆ ಹೋಗಿದ್ದರೆ, ಬರುವವರೆಗೆ ಕಾಯಿರಿ.